ಹಳೆಯ ಮೋಟಾರ್‌ಸೈಕಲ್‌ಗಳ ಪಾದನಿಯಂತ್ರಣ ಜೋಡಣೆಯ ಸುಧಾರಣೆ

ಪಾದನಿಯಂತ್ರಣ ಜೋಡಣೆ ಎಂದರೆ ಮೋಟಾರ್‌ಸೈಕಲ್ ಸವಾರನ ಕಾಲಿನ ಚಲನೆಯನ್ನು ಗೇರುಪೆಟ್ಟಿಗೆಗೂ ಹಿಂದಿನ ಚಕ್ರದ ಬ್ರೇಕಿಗೂ ತಲುಪಿಸುವ ಪೆಡಲ್, ರಾಡ್, ಪಿನ್, ಬುಷ್ ಮತ್ತು ಸ್ಪ್ರಿಂಗ್‌ಗಳ ವ್ಯವಸ್ಥೆಯಾಗಿದೆ. ಹಳೆಯ ಬಂಡಿಗಳಲ್ಲಿ ಇದರ ಸುಧಾರಣೆ ಎರಡು ಬಗೆಯದು: ಸವೆದ ಸಂದುಗಳನ್ನು ಹೊಸದಾಗಿಸುವುದು ಮತ್ತು ಪೆಡಲ್‌ಗಳನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಬದಲಿಸುವುದು. ಮೊದಲನೆಯದು ಸುರಕ್ಷತೆಗೆ ಅಗತ್ಯ; ಎರಡನೆಯದು ಸವಾರನ ಅನುಕೂಲಕ್ಕೆ ಸಂಬಂಧಿಸಿದ್ದು.

ಹಿನ್ನೆಲೆ

1955ರಲ್ಲಿ ಮದರಾಸಿನಲ್ಲಿ ಸ್ಥಾಪನೆಗೊಂಡ ಎನ್‌ಫೀಲ್ಡ್ ಇಂಡಿಯಾ ಸಂಸ್ಥೆಯ ಹಳೆಯ ಬುಲೆಟ್‌ಗಳಲ್ಲಿ ಬ್ರಿಟಿಷ್ ಪದ್ಧತಿಯಂತೆ ಗೇರು ಬಲಗಾಲಿಗೂ ಹಿಂದಿನ ಬ್ರೇಕು ಎಡಗಾಲಿಗೂ ಇದ್ದವು. ಮೊದಲ ಗೇರಿಗೆ ಲಿವರನ್ನು ಮೇಲಕ್ಕೆತ್ತಬೇಕು, ಉಳಿದ ಮೂರಕ್ಕೆ ಕೆಳಕ್ಕೊತ್ತಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ದಿಗಳಲ್ಲಿ ಗೇರು ಎಡಗಾಲಿಗಿತ್ತು. ಅದೇ ಲಿವರನ್ನು ಒಳಕ್ಕೆ ಒತ್ತಿ ತಿರುಗಿಸಿದರೆ ಅದು ಕಿಕ್ ಆಗುತ್ತಿತ್ತು. 1974ರಲ್ಲಿ ಅಮೆರಿಕವು ಎಡಗಾಲಿನ ಗೇರು, ಬಲಗಾಲಿನ ಬ್ರೇಕು ಎಂಬ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿತು. ಕ್ರಮೇಣ ಅದೇ ಸಾಮಾನ್ಯ ಪದ್ಧತಿಯಾಯಿತು.

ಮಲೆನಾಡಿನ ಪರಿಸ್ಥಿತಿ

ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸದ ಕಾಫಿ ಸೀಮೆಯಲ್ಲಿ ಮಳೆಗಾಲದ ನೀರು ಮತ್ತು ತೋಟದ ದಾರಿಯ ಕೆಸರು ಪೆಡಲ್‌ನ ಬುಡದಲ್ಲಿ ಸೇರಿಕೊಂಡು ಗ್ರೀಸನ್ನು ಹೊರಹಾಕುತ್ತವೆ. ಪಿನ್‌ಗಳು ತುಕ್ಕು ಹಿಡಿಯುತ್ತವೆ, ಬುಷ್‌ಗಳು ಸವೆಯುತ್ತವೆ. ಕೊಟ್ಟಿಗೆಹಾರದಿಂದ ಕೆಳಗಿಳಿಯುವ ಚಾರ್ಮಾಡಿ ಘಾಟಿಯಂತಹ ಇಳಿಜಾರಿನಲ್ಲಿ ಈ ದೋಷ ಅಪಾಯಕಾರಿ. ಜಾವಾದಂತಹ ಎರಡು ಸ್ಟ್ರೋಕ್ ಎಂಜಿನ್ ಇಳಿಜಾರಿನಲ್ಲಿ ಬಂಡಿಯನ್ನು ಹಿಡಿದು ನಿಲ್ಲಿಸುವುದು ಕಡಿಮೆಯಾದುದರಿಂದ ಬ್ರೇಕಿನ ಮೇಲಿನ ಹೊರೆ ಇನ್ನೂ ಹೆಚ್ಚುತ್ತದೆ.

ಸವೆತದ ಪರಿಣಾಮ

ಪ್ರತಿಯೊಂದು ಸಂದಿನ ಅಲ್ಪ ಸಡಿಲಿಕೆಯೂ ಒಟ್ಟುಗೂಡುತ್ತದೆ. ಉದಾಹರಣೆಗೆ, ರಾಡಿನ ನಾಲ್ಕು ಸಂದುಗಳಲ್ಲಿ ತಲಾ 0.5 ಮಿ.ಮೀ. ಸಡಿಲಿಕೆಯಿದ್ದರೆ ಒಟ್ಟು 2 ಮಿ.ಮೀ. ಆಗುತ್ತದೆ. ಪೆಡಲ್‌ನ ಸನ್ನೆ ಪ್ರಮಾಣ 5ಕ್ಕೆ 1 ಆಗಿದ್ದರೆ, ಕಾಲಿನಡಿಯಲ್ಲಿ 10 ಮಿ.ಮೀ. ಚಲನೆ ಬ್ರೇಕು ಹಿಡಿಯುವ ಮೊದಲೇ ವ್ಯರ್ಥವಾಗುತ್ತದೆ. ಗೇರಿನ ಕಡೆಯಲ್ಲಿ ಇದೇ ದೋಷದಿಂದ ಗೇರು ಪೂರ್ತಿ ಕೂರದೆ ಹಾರಿಬರಬಹುದು.

ಸುಧಾರಣೆಯ ಕ್ರಮ

ಪೆಡಲ್ ತಿರುಗುವ ರಂಧ್ರವನ್ನು ಲೇತಿನಲ್ಲಿ ಸರಿಪಡಿಸಿ ಕಂಚಿನ ಬುಷ್ ಕೂರಿಸುವುದು, ಗ್ರೀಸ್ ನಿಪ್ಪಲ್ ಅಳವಡಿಸುವುದು, ಸವೆದ ಪಿನ್ ಹಾಗೂ ಸ್ಪ್ಲಿಟ್ ಪಿನ್‌ಗಳನ್ನು ಬದಲಿಸುವುದು ಮೊದಲ ಹೆಜ್ಜೆಗಳು. ಬಾಗಿದ ರಾಡು ಎಳೆದಾಗ ಸ್ವಲ್ಪ ನೆಟ್ಟಗಾಗುತ್ತದೆ. ಆದ್ದರಿಂದ ಕಾಲಿನ ಚಲನೆಯ ಒಂದು ಭಾಗ ಬ್ರೇಕನ್ನು ತಲುಪುವುದಿಲ್ಲ. ಬ್ರೇಕು ಪೂರ್ತಿ ಹಿಡಿದಾಗ ಡ್ರಮ್‌ನ ಮೇಲಿನ ತೋಳು ಮತ್ತು ರಾಡಿನ ನಡುವೆ ಸುಮಾರು 90 ಡಿಗ್ರಿ ಕೋನವಿರಬೇಕು. ತೋಳು ಅದನ್ನು ದಾಟಿ ಮುಂದೆ ಹೋದರೆ ಬ್ರೇಕಿನ ಬಲ ಕುಗ್ಗುತ್ತದೆ. ಹಾಗಾದಲ್ಲಿ ನಟ್ಟನ್ನು ಇನ್ನಷ್ಟು ಬಿಗಿ ಮಾಡುವುದು ಪರಿಹಾರವಲ್ಲ; ಬ್ರೇಕ್ ಶೂ ಮತ್ತು ಕ್ಯಾಮ್‌ಗಳನ್ನು ಪರಿಶೀಲಿಸಬೇಕು. ಕೆಲಸ ಮುಗಿದ ಮೇಲೆ ಸವಾರನು ಕುಳಿತಿರುವಾಗಲೂ ಚಕ್ರ ಸರಾಗವಾಗಿ ತಿರುಗುವುದೇ ಎಂದು ನೋಡಬೇಕು. ಏಕೆಂದರೆ ಹಿಂದಿನ ಸಸ್ಪೆನ್ಷನ್ ಕುಗ್ಗಿದಾಗ ರಾಡಿನ ಎಳೆತ ಬದಲಾಗಬಹುದು.

ಬದಿ ಬದಲಾವಣೆ

ಗೇರನ್ನು ಎಡಕ್ಕೆ ತರಲು ಬಂಡಿಯ ಅಡ್ಡಲಾಗಿ ಒಂದು ಶಾಫ್ಟ್ ಹಾಯಿಸಬೇಕಾಗುತ್ತದೆ. ಬ್ರೇಕನ್ನು ಬಲಕ್ಕೆ ಒಯ್ಯಲು ಮತ್ತೊಂದು ಬೇಕು. ಶಾಫ್ಟ್ ತೆಳುವಾಗಿದ್ದರೆ ತಿರುಚಿಕೊಳ್ಳುತ್ತದೆ, ಸಂದುಗಳ ಸಂಖ್ಯೆಯೂ ಹೆಚ್ಚುತ್ತದೆ. ಹೀಗಾಗಿ ಹಳೆಯ ಸಂದುಗಳನ್ನು ಬಿಗಿಗೊಳಿಸದೆ ಬದಿ ಬದಲಿಸಿದರೆ ದೋಷ ದ್ವಿಗುಣವಾಗಬಹುದು. ಹಲವು ವರ್ಷ ಹಳೆಯ ಪದ್ಧತಿಗೆ ಒಗ್ಗಿದ ಕಾಲು ಗಾಬರಿಯಲ್ಲಿ ಬ್ರೇಕಿನ ಬದಲು ಗೇರನ್ನು ಒತ್ತುವ ಸಂಭವವೂ ಇದೆ.

ಕಾನೂನು

ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮು ವಾಹನದಲ್ಲಿ ಮಾಡುವ ಮಾರ್ಪಾಡುಗಳನ್ನು ನಿಯಂತ್ರಿಸುತ್ತದೆ. 2021ರ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲಿರುವ ಹಾಗೂ ಚಾಸಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡಾಗದ ವಾಹನವನ್ನು ಮಾತ್ರ ವಿಂಟೇಜ್ ಎಂದು ನೋಂದಾಯಿಸಬಹುದು. ಆದುದರಿಂದ ಚಾಸಿಯನ್ನು ಕೊರೆಯದೆ, ಬೆಸುಗೆ ಹಾಕದೆ, ಬಿಚ್ಚಿ ಮೊದಲಿನಂತೆ ಮಾಡಬಹುದಾದ ಸುಧಾರಣೆಯೇ ಸೂಕ್ತವೆನಿಸುತ್ತದೆ. ತೆಗೆದ ಮೂಲ ಭಾಗಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಒಳ್ಳೆಯದು.