ಚಕ್ರಮೊಗ್ಗಿನ ಮಾತ್ರೆಯೂ ಅರೆಮದ್ದಿನ ಅಪಾಯವೂ

ಬೆಂಗಳೂರಿನ ಜಯನಗರದ ಏಳನೆಯ ಬ್ಲಾಕಿನಲ್ಲಿ ನೆಲೆಸಿರುವ ನಿವೃತ್ತ ವೈದ್ಯರೊಬ್ಬರು, ಈಚೆಗೆ ನಾನು ಅವರಲ್ಲಿಗೆ ಹೋಗಿದ್ದಾಗ, ಫ್ಲೂ ಮಾತ್ರೆಯ ಪ್ರಸ್ತಾಪ ಬಂದೊಡನೆ ಅಡುಗೆಮನೆಗೆ ನಡೆದು, ಪಲಾವಿಗೆ ಹಾಕುವ ಒಂದು ಚಕ್ರಮೊಗ್ಗನ್ನು ತಂದು ನನ್ನ ಅಂಗೈಮೇಲಿಟ್ಟು, "ಟ್ಯಾಮಿಫ್ಲೂವಿನ ತವರು ಇದೇ ಸ್ವಾಮಿ" ಎಂದಾಗ ಉಂಟಾದ ವಿಸ್ಮಯವು ನನ್ನಲ್ಲಿ ಇನ್ನೂ ಇಳಿದಿಲ್ಲ.

ಇದರಲ್ಲಿ ಹೇರಳವಾಗಿರುವ ಷಿಕಿಮಿಕ್ ಆಮ್ಲವನ್ನು 1885ರಲ್ಲಿ ಡಚ್ ರಸಾಯನಜ್ಞ ಐಕ್‌ಮನ್ ಜಪಾನಿನಲ್ಲಿ, ಚಕ್ರಮೊಗ್ಗಿನ ದಾಯಾದಿಯೂ ವಿಷಮಯವೂ ಆದ ಇನ್ನೊಂದು ಗಿಡದಿಂದ ಮೊದಲು ಬೇರ್ಪಡಿಸಿದನು. ಶತಮಾನ ಕಳೆದ ಮೇಲೆ ಅದೇ ಆಮ್ಲವು ಟ್ಯಾಮಿಫ್ಲೂ, ಅಂದರೆ ಒಸೆಲ್ಟಮಿವಿರ್, ತಯಾರಿಕೆಗೆ ಮೂಲದ್ರವ್ಯವಾಯಿತು. 2005ರ ಹಕ್ಕಿಜ್ವರದ ಭೀತಿಯಲ್ಲಿ ಚೀನದ ಚಕ್ರಮೊಗ್ಗಿಗೆ ಬೆಲೆಯೇರಿತು. ಬಳಿಕ ಬ್ಯಾಕ್ಟೀರಿಯಾಗಳಿಂದ ಹುದುಗಿಸಿ ಆಮ್ಲವನ್ನು ಪಡೆಯುವ ವಿಧಾನವೂ ಬಂದಿತು. ಹಾಗೆಂದು ಪಲಾವನ್ನುಂಡು ಫ್ಲೂವನ್ನು ಗೆಲ್ಲುವೆನೆಂದು ಯಾರೂ ಭ್ರಮಿಸತಕ್ಕದ್ದಲ್ಲ. ಆಮ್ಲಕ್ಕೂ ಮಾತ್ರೆಗೂ ನಡುವೆ ರಾಸಾಯನಿಕ ಕ್ರಿಯೆಗಳ ದೀರ್ಘ ಪರಂಪರೆಯೇ ಉಂಟು.

2009ರ ಎಚ್1ಎನ್1 ಹಂದಿಜ್ವರವನ್ನು ಓದುಗರು ಮರೆತಿರಲಾರರು: ರೋಗಿಗಳು ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಗೆ, ಗಂಟಲುದ್ರವವು ನಿಮ್ಹಾನ್ಸ್ ಪ್ರಯೋಗಾಲಯಕ್ಕೆ, ಮಾತ್ರೆಯು ಔಷಧ ಮಾರಾಟವನ್ನು ನಿರ್ಬಂಧಿಸುವ ಷೆಡ್ಯೂಲ್ ಎಕ್ಸ್ ಎಂಬ ಬಿಗಿ ಬೀಗದೊಳಕ್ಕೆ. ಆ ಬಿಗಿಯ ಬಗ್ಗೆ ಗೊಣಗಿದವರು ಬಹಳ. ನನ್ನ ಮತದಲ್ಲಿ ಅದು ವಿವೇಕವೇ.

ಏಕೆಂದರೆ ಚಿಕಿತ್ಸೆಗೆ 75 ಮಿಲಿಗ್ರಾಂ ಮಾತ್ರೆಯು ದಿನಕ್ಕೆರಡರಂತೆ 5 ದಿನ, ಮುಂಜಾಗ್ರತೆಗಾದರೋ ದಿನಕ್ಕೊಂದೇ. ವಾರ್ಡಿನಲ್ಲಿ ಒಬ್ಬನಿಗೆ ಫ್ಲೂ ತಗುಲಿದಾಗ ಪಕ್ಕದ ಹಾಸಿಗೆಯವರಿಗೂ ಈ ರಕ್ಷೆಯನ್ನು ಕೊಡುವುದುಂಟು, ಅದರಿಂದ ಪ್ರಾಣಗಳೂ ಉಳಿದಾವು. ಆದರೆ ಅವರಲ್ಲೊಬ್ಬರ ಮೈಯೊಳಗೆ ವೈರಾಣುವು ಆಗಲೇ ಹೊಕ್ಕು, ಲಕ್ಷಣ ತೋರದೆ ವೃದ್ಧಿಸುತ್ತಿದ್ದರೆ, ಆ ಅರೆಮದ್ದು ಮಣಿಯುವವನ್ನು ಅಡಗಿಸಿ ಮಣಿಯದವಕ್ಕೆ ದಾರಿ ಬಿಟ್ಟುಕೊಡುತ್ತದೆ. ಎಚ್1ಎನ್1 ವೈರಾಣುವಿನ ನ್ಯೂರಮಿನಿಡೇಸ್ ಕಿಣ್ವದ 275ನೆಯ ಸ್ಥಾನದಲ್ಲಿ ಹಿಸ್ಟಿಡಿನ್ ಹೋಗಿ ಟೈರೋಸಿನ್ ಬಂದರೆ ಸಾಕು, ಮದ್ದು ಸರಿಯಾಗಿ ನೆಲೆಗೊಳ್ಳದು. 2009ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲೈನಾದ ಬೇಸಿಗೆ ಶಿಬಿರವೊಂದರಲ್ಲಿ, ಒಂದೇ ಕೊಠಡಿಯಲ್ಲಿದ್ದು ಮುಂಜಾಗ್ರತೆಯ ಮಾತ್ರೆ ನುಂಗುತ್ತಿದ್ದ ಇಬ್ಬರು ಹುಡುಗಿಯರಲ್ಲಿ ಈ ವೈರಾಣುವೇ ಕಾಣಿಸಿತು. ಅದೇ ವರ್ಷ ವೇಲ್ಸಿನ ಕಾರ್ಡಿಫ್‌ನಲ್ಲಿಯೂ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿಯೂ, ರಕ್ತರೋಗಿಗಳ ವಾರ್ಡುಗಳೊಳಗೆ ಅದು ಒಬ್ಬರಿಂದೊಬ್ಬರಿಗೆ ಹಬ್ಬಿತು. ಎಲ್ಲ ದೋಷವನ್ನೂ ಮಾತ್ರೆಯ ತಲೆಗೆ ಕಟ್ಟುವುದೂ ನ್ಯಾಯವಲ್ಲ: 2007-08ರ ಚಳಿಗಾಲದಲ್ಲಿ ಹಳೆಯ ಎಚ್1ಎನ್1 ತಳಿಯು, ಈ ಮದ್ದನ್ನು ಅಷ್ಟಾಗಿ ಬಳಸದ ನಾರ್ವೆಯಲ್ಲಿಯೂ ಪ್ರತಿರೋಧ ಪಡೆದಿತ್ತು.

"ನಮ್ಮ ಹೊಸೂರು ರಸ್ತೆಯ ಬದಿಗೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ, ಮಕ್ಕಳ ಆಸ್ಪತ್ರೆ ಇದೆ, ರೋಧಶಕ್ತಿ ಕುಂದಿದವರ ಮೈಯಲ್ಲಿ ವೈರಾಣು ವಾರಗಟ್ಟಲೆ ಬೀಡುಬಿಡುತ್ತದೆ. ಅಂಥವರ ಬಳಿಗೆ ಕೆಮ್ಮಿಕೊಂಡು ಹೋಗುವ ಬಂಧುಗಳನ್ನು ತಡೆಯುವವರು ಯಾರು?" ಎಂದರು ವೈದ್ಯರು. ಅವರ ಮತವು ಖಚಿತ: ರಕ್ಷೆಯ ಮಾತ್ರೆಯನ್ನು ಅತ್ಯಗತ್ಯರಾದವರಿಗೆ ತಡಮಾಡದೆ ಕೊಡಬೇಕು, ಜ್ವರ ಕಂಡೊಡನೆ ಪರೀಕ್ಷಿಸಿ ಪೂರ್ಣ ಚಿಕಿತ್ಸೆಗೆ ತಿರುಗಬೇಕು, ಒಸೆಲ್ಟಮಿವಿರ್ ಕೈಕೊಟ್ಟಲ್ಲಿ ಉಸಿರಿನೊಂದಿಗೆ ಎಳೆದುಕೊಳ್ಳುವ ಜನಾಮಿವಿರ್ ಅನ್ನು ಯೋಚಿಸಬೇಕು.

2017ರಿಂದ ಈ ಮಾತ್ರೆಯು ಅಷ್ಟು ಬಿಗಿಯಲ್ಲದ ಷೆಡ್ಯೂಲ್ ಎಚ್1ಕ್ಕೆ ಇಳಿದು ಸಾಮಾನ್ಯ ಔಷಧದಂಗಡಿಗಳಿಗೂ ಬಂದಿದೆ. ವೈದ್ಯರ ಚೀಟಿಯಿಲ್ಲದೆ ಅದನ್ನು ಕೇಳಬೇಡಿರಿ. ಕೆಮ್ಮು ನೆಗಡಿ ಇದ್ದಾಗ ರೋಗಿಯನ್ನು ನೋಡಲು ವಾರ್ಡಿಗೆ ಹೋಗಲೂಬೇಡಿರಿ.