ಒಂದೇ ಜಾಲತಾಣದಲ್ಲಿ ಬ್ರೌಸರ್ ಕೈಕೊಟ್ಟರೆ ಏನು ಮಾಡಬೇಕು?

ದ್ವಿತೀಯ ಪಿಯುಸಿಯವರಿಗೆ ವರ್ಷದ ಕೊನೆಯ ತಿಂಗಳುಗಳು ಓದಿನ ಜೊತೆಗೆ ಅರ್ಜಿಗಳ ಕಾಲವೂ ಹೌದು. ಸಿಇಟಿ, ನೀಟ್, ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಸೀಟು ಸಿಕ್ಕ ಮೇಲೆ ಅರಿವು ಸಾಲ, ಎಲ್ಲವೂ ಆನ್‌ಲೈನ್. ಎಲ್ಲಕ್ಕೂ ಒಂದು ಕೊನೆಯ ದಿನಾಂಕ ಇದ್ದೇ ಇರುತ್ತದೆ. ಅರ್ಧ ತುಂಬಿದ ಅರ್ಜಿಯ ಮೇಲೆ ಬ್ರೌಸರ್ ದಿಢೀರನೆ ಮುಚ್ಚಿಕೊಂಡು, ಮತ್ತೆ ತೆರೆದಾಗಲೂ ಅದೇ ಪುಟದಲ್ಲಿ ಮುಚ್ಚಿಕೊಂಡರೆ ಯಾರಿಗಾದರೂ ಗಾಬರಿಯಾಗುತ್ತದೆ. ವಿಚಿತ್ರವೆಂದರೆ ಉಳಿದ ಜಾಲತಾಣಗಳೆಲ್ಲ ಸರಿಯಾಗಿ ತೆರೆಯುತ್ತಿರುತ್ತವೆ. ನಮಗೆ ಬೇಕಾದ ಒಂದು ಮಾತ್ರ ಕೈಕೊಡುತ್ತದೆ.

ಇಂಥ ಹೊತ್ತಿನಲ್ಲಿ ಹಲವರು ಬ್ರೌಸರನ್ನೇ ಅಳಿಸಿ ಮತ್ತೆ ಹಾಕುತ್ತಾರೆ, ಇಲ್ಲವೇ ಮೊಬೈಲನ್ನೇ ರೀಸೆಟ್ ಮಾಡುತ್ತಾರೆ. ಇದು ಇಲಿಗಾಗಿ ಮನೆ ಸುಟ್ಟ ಹಾಗೆ. ಉಳಿಸಿಟ್ಟ ಪಾಸ್‌ವರ್ಡ್, ಫೋಟೊ ಎಲ್ಲ ಹೋಗಬಹುದು, ಕಾರಣ ಮಾತ್ರ ತಿಳಿಯುವುದಿಲ್ಲ. ನಮ್ಮ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಲವಣ ವಿಶ್ಲೇಷಣೆ ಮಾಡುವ ಕ್ರಮವೇ ಇಲ್ಲಿಗೂ ಸರಿಹೊಂದುತ್ತದೆ. ಕೊಟ್ಟ ಲವಣಕ್ಕೆ ಎಲ್ಲ ದ್ರಾವಣಗಳನ್ನೂ ಒಟ್ಟಿಗೆ ಸುರಿಯುವುದಿಲ್ಲ. ಒಂದು ಪರೀಕ್ಷೆ ಮಾಡಿ, ಫಲಿತಾಂಶ ನೋಡಿ, ಒಂದು ಗುಂಪನ್ನು ಕೈಬಿಟ್ಟು ಮುಂದಿನದಕ್ಕೆ ಹೋಗುತ್ತೇವೆ. ಬ್ರೌಸರಿನಲ್ಲೂ ಹಾಗೆಯೇ: ಒಂದು ಸಲಕ್ಕೆ ಒಂದೇ ಬದಲಾವಣೆ.

ಮೊದಲು ಕಾಯಿಲೆ ಯಾವುದೆಂದು ಗುರುತಿಸಿ

‘ಸೈಟ್ ಓಪನ್ ಆಗ್ತಿಲ್ಲ’ ಎನ್ನುವ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ತೊಂದರೆಗಳು ಅಡಗಿವೆ.

‘ಈ ಸೈಟ್ ತಲುಪಲಾಗುತ್ತಿಲ್ಲ’ ಎಂದು ಬಂದರೆ ಅದು ಸಾಮಾನ್ಯವಾಗಿ ನೆಟ್‌ವರ್ಕ್ ಅಥವಾ ವಿಳಾಸದ ತೊಂದರೆ. 502, 503 ಮುಂತಾದ ಸಂಖ್ಯೆ ಕಾಣಿಸಿದರೆ ತೊಂದರೆ ಆ ಕಡೆಯ ಸರ್ವರ್‌ನದ್ದು. ಅಲ್ಲಿ ನಿಮ್ಮ ಬ್ರೌಸರ್ ಸರಿಯಾಗಿಯೇ ಇದೆ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಬೇಕು ಅಷ್ಟೆ. ಪುಟ ಅಲುಗಾಡದೆ ನಿಂತು, ‘ಕಾಯಿರಿ’ ಅಥವಾ ‘ಹೊರಬನ್ನಿ’ ಎಂದು ಕೇಳಿದರೆ ಅದು ಹ್ಯಾಂಗ್. ಕ್ರೋಮ್‌ನಲ್ಲಿ ‘ಆ, ಸ್ನ್ಯಾಪ್’ ಎಂಬ ಸಂದೇಶ ಬಂದರೆ, ಅಥವಾ ಕಿಟಕಿಯೇ ಮಾಯವಾದರೆ ಅದು ಕ್ರ್ಯಾಶ್. ಮುಂದೆ ಹೇಳುವುದು ಈ ಕೊನೆಯ ತೊಂದರೆಯ ಬಗ್ಗೆ.

ಕ್ರ್ಯಾಶ್‌ನಲ್ಲೂ ಎರಡು ಬಗೆ: ಒಂದು ಟ್ಯಾಬ್ ಮಾತ್ರ ಸಾಯುವುದು, ಇಡೀ ಬ್ರೌಸರ್ ಸಾಯುವುದು. ಹಿಂದೆ ಹೆಚ್ಚಿನ ಬ್ರೌಸರುಗಳಲ್ಲಿ ತೆರೆದ ಪುಟಗಳೆಲ್ಲ ಒಂದೇ ಪ್ರಕ್ರಿಯೆಯೊಳಗೆ ಓಡುತ್ತಿದ್ದವು. ಒಂದು ಪುಟ ಕೆಟ್ಟರೆ ಎಲ್ಲವೂ ಕೆಳಗೆ ಬೀಳುತ್ತಿದ್ದವು. 2008ರ ಸೆಪ್ಟೆಂಬರ್‌ನಲ್ಲಿ ಬಂದ ಕ್ರೋಮ್ ಪುಟಗಳನ್ನು ಬೇರೆ ಬೇರೆ ಪ್ರಕ್ರಿಯೆಗಳಲ್ಲಿ ಇಟ್ಟಿತು. ಫೈರ್‌ಫಾಕ್ಸ್ ಕೂಡ 2016ರಿಂದ ಇದೇ ದಾರಿ ಹಿಡಿಯಿತು. ಹೀಗಾಗಿ ಈಗ ಟ್ಯಾಬ್ ಮಾತ್ರ ಸತ್ತರೆ, ಮೊದಲ ಸಂಶಯ ಆ ಪುಟದ ಮೇಲೆ, ಅದಕ್ಕೆ ಸಂಬಂಧಿಸಿದ ಡೇಟಾ ಅಥವಾ ಎಕ್ಸ್‌ಟೆನ್ಷನ್ ಮೇಲೆ. ಇಡೀ ಬ್ರೌಸರ್ ಮುಚ್ಚಿಕೊಂಡರೆ ಮೆಮೊರಿ, ಗ್ರಾಫಿಕ್ಸ್, ಆಪರೇಟಿಂಗ್ ಸಿಸ್ಟಂ ಕಡೆಗೂ ನೋಡಬೇಕು.

ಪರೀಕ್ಷೆ ಆರಂಭಿಸುವ ಮುಂಚೆ ಒಂದು ಹಾಳೆಯಲ್ಲಿ ಮೂರು ವಿಷಯ ಬರೆದುಕೊಳ್ಳಿ: ಯಾವ ಪುಟ, ಯಾವುದನ್ನು ಒತ್ತಿದಾಗ, ಯಾವ ಸಂದೇಶ. ಪ್ರತಿ ಸಲವೂ ಅದೇ ಜಾಗದಲ್ಲಿ ಬೀಳುತ್ತಿದ್ದರೆ ಅದು ಒಳ್ಳೆಯ ಸುದ್ದಿ, ಏಕೆಂದರೆ ಮತ್ತೆ ಮತ್ತೆ ಬರುವ ದೋಷವನ್ನು ಹಿಡಿಯುವುದು ಸುಲಭ.

ಒಂದೊಂದೇ ಪರೀಕ್ಷೆ

1. ಇನ್‌ಕಾಗ್ನಿಟೊ ಕಿಟಕಿ. ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎನ್ ಒಟ್ಟಿಗೆ ಒತ್ತಿ. ಫೈರ್‌ಫಾಕ್ಸ್‌ನಲ್ಲಿ ಎನ್ ಬದಲು ಪಿ. ಈ ಕಿಟಕಿ ಹಳೆಯ ಕುಕೀಗಳನ್ನು ಬಳಸುವುದಿಲ್ಲ, ನಾವು ಅನುಮತಿ ಕೊಡದ ಹೊರತು ಎಕ್ಸ್‌ಟೆನ್ಷನ್‌ಗಳೂ ಓಡುವುದಿಲ್ಲ. ಇಲ್ಲಿ ಪುಟ ಸರಿಯಾಗಿ ನಡೆದರೆ ಅಪರಾಧಿ ಅವೆರಡರಲ್ಲಿ ಒಂದು. ಆಗ ಮಾಮೂಲಿ ಕಿಟಕಿಗೆ ಮರಳಿ ಎಕ್ಸ್‌ಟೆನ್ಷನ್‌ಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡಿ. ಜಾಹೀರಾತು ತಡೆಯುವುದು, ಡೌನ್‌ಲೋಡ್ ಮಾಡುವುದು, ಬಣ್ಣ ಬದಲಿಸುವುದು ಮೊದಲಾದವು ಪುಟದ ಒಳಗೇ ಕೈಹಾಕುವುದರಿಂದ ಅವುಗಳಿಂದ ಶುರುಮಾಡಿ. ಎಕ್ಸ್‌ಟೆನ್ಷನ್ ಕಾರಣವಲ್ಲದಿದ್ದರೆ, ವಿಳಾಸದ ಎಡಕ್ಕಿರುವ ಚಿಹ್ನೆ ಒತ್ತಿ ಆ ಒಂದು ಜಾಲತಾಣದ ಡೇಟಾ ಮಾತ್ರ ಅಳಿಸಿ. ಎಲ್ಲ ಜಾಲತಾಣಗಳ ಡೇಟಾ ಅಳಿಸುವ ಅಗತ್ಯವಿಲ್ಲ.

2. ಬೇರೆ ಬ್ರೌಸರ್. ಇಲ್ಲೊಂದು ಸೂಕ್ಷ್ಮವಿದೆ. ಕ್ರೋಮ್‌ನಲ್ಲಿ ಬಿದ್ದ ಪುಟವನ್ನು ಎಡ್ಜ್‌ನಲ್ಲಿ ನೋಡಿದರೆ ಅದು ಪೂರ್ತಿ ಬೇರೆ ಪರೀಕ್ಷೆಯಾಗುವುದಿಲ್ಲ. 2020ರ ಜನವರಿಯಿಂದ ಎಡ್ಜ್ ಕೂಡ ಕ್ರೋಮ್‌ನ ತಳಹದಿಯಾದ ಕ್ರೋಮಿಯಂ ಮೇಲೆಯೇ ನಿಂತಿದೆ. ಒಪೇರಾ, ಬ್ರೇವ್‌ಗಳದ್ದೂ ಅದೇ ತಳಹದಿ. ಫೈರ್‌ಫಾಕ್ಸ್‌ನ ಎಂಜಿನ್ ಬೇರೆ. ಫೈರ್‌ಫಾಕ್ಸ್‌ನಲ್ಲಿ ನಡೆದು ಕ್ರೋಮ್, ಎಡ್ಜ್ ಎರಡರಲ್ಲೂ ಬಿದ್ದರೆ, ಆ ಪುಟಕ್ಕೂ ಕ್ರೋಮಿಯಂಗೂ ಹೊಂದಾಣಿಕೆ ಇಲ್ಲವೆಂದು ಊಹಿಸಬಹುದು. ಅರ್ಜಿ ತುರ್ತಾಗಿದ್ದರೆ ಫೈರ್‌ಫಾಕ್ಸ್‌ನಲ್ಲೇ ಮುಗಿಸಿಬಿಡಿ.

3. ಮೆಮೊರಿ. 2 ಅಥವಾ 4 ಜಿಬಿ ರ್‍ಯಾಮ್‌ನ ಯಂತ್ರದಲ್ಲಿ ಹತ್ತಾರು ಟ್ಯಾಬ್ ತೆರೆದಿಟ್ಟು ದೊಡ್ಡ ಫೋಟೊ ಅಪ್‌ಲೋಡ್ ಮಾಡಿದರೆ ಪುಟ ಬೀಳುವುದರಲ್ಲಿ ಆಶ್ಚರ್ಯವಿಲ್ಲ. ಕಂಪ್ಯೂಟರಿನ ಕ್ರೋಮ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಒತ್ತಿದರೆ ಯಾವ ಟ್ಯಾಬ್ ಎಷ್ಟು ಮೆಮೊರಿ ತಿನ್ನುತ್ತಿದೆ ಎಂಬ ಪಟ್ಟಿ ಬರುತ್ತದೆ. ಬೇಡದ್ದನ್ನು ಮುಚ್ಚಿ ಮತ್ತೆ ನೋಡಿ.

4. ಗ್ರಾಫಿಕ್ಸ್. ನಕ್ಷೆ, ವಿಡಿಯೊ ಅಥವಾ ಕ್ಯಾಮೆರಾ ಇರುವ ಪುಟದಲ್ಲಿ ಮಾತ್ರ ಬೀಳುತ್ತಿದ್ದರೆ, ಬೀಳುವ ಮುನ್ನ ಪರದೆ ಮಿನುಗುತ್ತಿದ್ದರೆ, ಸೆಟ್ಟಿಂಗ್ಸ್‌ನ ಸಿಸ್ಟಂ ಭಾಗಕ್ಕೆ ಹೋಗಿ ಗ್ರಾಫಿಕ್ಸ್ ಆಕ್ಸಿಲರೇಷನ್ ಆಫ್ ಮಾಡಿ, ಬ್ರೌಸರ್ ಮತ್ತೆ ತೆರೆಯಿರಿ. ಸರಿಹೋದರೆ ಡಿಸ್‌ಪ್ಲೇ ಡ್ರೈವರ್ ಹಳೆಯದಾಗಿರುವ ಸಾಧ್ಯತೆ ಹೆಚ್ಚು.

5. ಆವೃತ್ತಿ. ವಿಂಡೋಸ್ 7 ಇರುವ ಹಳೆಯ ಕಂಪ್ಯೂಟರುಗಳು ಇನ್ನೂ ಬಳಕೆಯಲ್ಲಿವೆ. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು. ಅಲ್ಲಿ ಓಡುವ ಕೊನೆಯ ಕ್ರೋಮ್ 109. 2023ರ ಫೆಬ್ರವರಿಯಲ್ಲಿ ಬಂದ 110ರಿಂದ ವಿಂಡೋಸ್ 10 ಅಥವಾ ನಂತರದ್ದು ಬೇಕು. ಅಂಥ ಯಂತ್ರದಲ್ಲಿ ‘ಅಪ್‌ಡೇಟ್’ ಎಷ್ಟು ಒತ್ತಿದರೂ ಹೊಸದು ಬರುವುದಿಲ್ಲ. ಹೊಸದಾಗಿ ಕಟ್ಟಿದ ಜಾಲತಾಣ ಅಲ್ಲಿ ಕೆಲಸ ಮಾಡದಿದ್ದರೆ ಹೊತ್ತು ಕಳೆಯದೆ ಬೇರೆ ಯಂತ್ರ ಹುಡುಕುವುದೇ ಲೇಸು.

ಮೊಬೈಲ್‌ನಲ್ಲಿ ತುಂಬುವವರಿಗೆ

ನಮ್ಮಲ್ಲಿ ಬಹಳ ಮಂದಿ ಅರ್ಜಿ ತುಂಬುವುದು ಮೊಬೈಲ್‌ನಲ್ಲೇ. ಅಲ್ಲಿ ಸಾಮಾನ್ಯ ತೊಂದರೆ ಫೋಟೊ ಹಾಕುವ ಜಾಗದಲ್ಲಿ ಬರುತ್ತದೆ. ಪುಟದಿಂದಲೇ ಕ್ಯಾಮೆರಾ ತೆರೆದಾಗ, ಕಡಿಮೆ ರ್‍ಯಾಮ್‌ನ ಆಂಡ್ರಾಯ್ಡ್ ಫೋನು ಜಾಗ ಸಾಲದೆ ಹಿಂದಿದ್ದ ಬ್ರೌಸರನ್ನು ಮುಚ್ಚಿಬಿಡುತ್ತದೆ. ಫೋಟೊ ತೆಗೆದು ಹಿಂತಿರುಗುವಷ್ಟರಲ್ಲಿ ಅರ್ಜಿ ಖಾಲಿ. ಇದಕ್ಕೆ ಮದ್ದು ಸರಳ: ಫೋಟೊ, ಸಹಿ, ಅಂಕಪಟ್ಟಿಗಳನ್ನು ಮೊದಲೇ ತೆಗೆದು, ಕೇಳಿದ ಅಳತೆಗೆ ಕಿರಿದು ಮಾಡಿ ಗ್ಯಾಲರಿಯಲ್ಲಿ ಇಟ್ಟುಕೊಳ್ಳಿ. ಆಮೇಲೆ ಉಳಿದ ಆ್ಯಪ್‌ಗಳನ್ನೆಲ್ಲ ಮುಚ್ಚಿ ಅರ್ಜಿ ತೆರೆಯಿರಿ.

ವಾಟ್ಸ್‌ಆ್ಯಪ್ ಅಥವಾ ಬೇರೆ ಆ್ಯಪ್ ಕಳಿಸಿದ ಕೊಂಡಿ ಕೆಲವೊಮ್ಮೆ ಆ್ಯಪ್‌ನ ಒಳಗೇ ತೆರೆದುಕೊಳ್ಳುತ್ತದೆ. ಆಂಡ್ರಾಯ್ಡ್‌ನಲ್ಲಿ ಹಾಗೆ ತೆರೆಯುವ ಹಲವು ಪುಟಗಳನ್ನು ತೋರಿಸುವುದು ವೆಬ್‌ವ್ಯೂ ಎಂಬ ಭಾಗ. 2021ರ ಮಾರ್ಚ್‌ನಲ್ಲಿ ಇದರ ಒಂದು ದೋಷದಿಂದಾಗಿ ಜಗತ್ತಿನಾದ್ಯಂತ ಜಿಮೇಲ್ ಸೇರಿ ಅನೇಕ ಆ್ಯಪ್‌ಗಳು ತೆರೆದ ಕೂಡಲೇ ಮುಚ್ಚಿಕೊಂಡವು. ಗೂಗಲ್ ಹೊಸ ಅಪ್‌ಡೇಟ್ ಕೊಟ್ಟ ಮೇಲೆ ಸರಿಹೋಯಿತು. ಆದ್ದರಿಂದ ಆ್ಯಪ್ ಒಳಗೆ ಬಿದ್ದ ಪುಟವನ್ನು ವಿಳಾಸ ನಕಲು ಮಾಡಿ ನೇರ ಬ್ರೌಸರಿನಲ್ಲಿ ತೆರೆದು ನೋಡಿ. ಪ್ಲೇ ಸ್ಟೋರ್‌ನಲ್ಲಿ ಕ್ರೋಮ್ ಮತ್ತು ವೆಬ್‌ವ್ಯೂ ಎರಡನ್ನೂ ಅಪ್‌ಡೇಟ್ ಮಾಡಿ.

ತಪ್ಪು ನಮ್ಮದಲ್ಲದಾಗ

ಎಲ್ಲ ಪರೀಕ್ಷೆ ಮುಗಿದರೂ ಪುಟ ಬೀಳುತ್ತಲೇ ಇದ್ದರೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಒಂದು ಸಣ್ಣ ಅಕ್ಷರವೂ ದೊಡ್ಡ ಯಂತ್ರವನ್ನು ಬೀಳಿಸಬಲ್ಲದು. ಸಿಂಧನೂರು ಸುತ್ತಿನ ಕ್ಯಾಂಪ್‌ಗಳಿಂದಾಗಿ ತೆಲುಗು ನಮಗೆ ಪರಕೀಯವಲ್ಲ. ಆ ಭಾಷೆಯ ‘ಜ್ಞಾ’ ಅಕ್ಷರದ ಒಂದು ರೂಪ 2018ರ ಫೆಬ್ರವರಿಯಲ್ಲಿ ಐಫೋನ್‌ಗಳಲ್ಲಿ ಸಂದೇಶದ ಆ್ಯಪ್‌ಗಳನ್ನು ಕೆಡವಿತು. ನಮ್ಮ ಒತ್ತಕ್ಷರಗಳಂತೆ ತೆಲುಗಿನಲ್ಲೂ ಜ, ಞ, ದೀರ್ಘ ಸೇರಿ ಒಂದು ಆಕಾರವಾಗಬೇಕು. ಅವುಗಳ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವೂ ಇದ್ದಾಗ, ಆಕಾರ ಜೋಡಿಸುವ ಆ್ಯಪಲ್‌ನ ತಂತ್ರಾಂಶ ಎಡವುತ್ತಿತ್ತು. ಅದೇ ತಿಂಗಳ 19ರಂದು ಬಂದ ಐಓಎಸ್ 11.2.6 ಅಪ್‌ಡೇಟ್ ಅದನ್ನು ಸರಿಪಡಿಸಿತು. ಅದಕ್ಕೂ ಮುಂಚೆ, 2015ರ ಸೆಪ್ಟೆಂಬರ್‌ನಲ್ಲಿ, ಕೇವಲ 16 ಅಕ್ಷರಗಳ ಒಂದು ವಿಳಾಸ ಕ್ರೋಮನ್ನು ಬೀಳಿಸುತ್ತಿತ್ತು. ಆ ಕೊಂಡಿಯ ಮೇಲೆ ಮೌಸ್ ಇಟ್ಟರೂ ಸಾಕಿತ್ತು.

ಈ ಎರಡರಲ್ಲೂ ಬಳಕೆದಾರರ ತಪ್ಪಿರಲಿಲ್ಲ. ದೋಷ ಕಂಡವರು ಅದನ್ನು ಸ್ಪಷ್ಟವಾಗಿ ತಿಳಿಸಿದ್ದರಿಂದ ಪರಿಹಾರ ಬೇಗ ಸಿಕ್ಕಿತು. ನೀವೂ ತಿಳಿಸಿ. ಆಗ ಹಾಳೆಯಲ್ಲಿ ಬರೆದಿಟ್ಟ ಪುಟದ ವಿಳಾಸ, ಒತ್ತಿದ ಗುಂಡಿ, ಬಂದ ಸಂದೇಶ, ಜೊತೆಗೆ ಬ್ರೌಸರಿನ ಆವೃತ್ತಿ ಮತ್ತು ಸಮಯವನ್ನು ಜಾಲತಾಣದ ಸಹಾಯವಾಣಿಗೆ ಬರೆಯಿರಿ. ‘ಸೈಟ್ ವರ್ಕ್ ಆಗ್ತಿಲ್ಲ’ ಎಂಬ ದೂರಿಗಿಂತ ಇಂಥ ದೂರಿಗೆ ಬೆಲೆ ಹೆಚ್ಚು. ಪರದೆಯ ಚಿತ್ರವನ್ನೂ ಉಳಿಸಿಕೊಳ್ಳಿ. ಗಡುವು ತಪ್ಪಿದರೆ ಅದೇ ನಿಮ್ಮ ಸಾಕ್ಷಿ.

ಹಣ ಕಟ್ಟುವಾಗ ಎಚ್ಚರ

ಶುಲ್ಕ ಕಟ್ಟುವ ಪುಟದಲ್ಲಿ ಕ್ರ್ಯಾಶ್ ಆದರೆ ಕೂಡಲೇ ಮತ್ತೆ ಕಟ್ಟಬೇಡಿ. ಮೊದಲು ಬ್ಯಾಂಕಿನ ಸಂದೇಶ ಅಥವಾ ಖಾತೆ ನೋಡಿ. ಆಮೇಲೆ ಅರ್ಜಿಗೆ ಮತ್ತೆ ಲಾಗಿನ್ ಆಗಿ ಪಾವತಿಯ ಸ್ಥಿತಿ ನೋಡಿ. ಹಣ ಹೋಗಿದ್ದು ಅಲ್ಲಿ ಕಾಣದಿದ್ದರೆ ವಹಿವಾಟಿನ ಸಂಖ್ಯೆ ಬರೆದುಕೊಂಡು ಸ್ವಲ್ಪ ಕಾಯಿರಿ. ಅರ್ಜಿ ತುಂಬುವಾಗ ಪ್ರತಿ ಹಂತದಲ್ಲೂ ‘ಸೇವ್’ ಒತ್ತಿ, ಅರ್ಜಿ ಸಂಖ್ಯೆಯನ್ನು ಕಾಗದದ ಮೇಲೂ ಬರೆದಿಡಿ.

ಕೊನೆಯದಾಗಿ, ಬ್ರೌಸರ್ ಸರಿಮಾಡಲು ಬಲ್ಲವರ ಹತ್ತಿರ ನೆರೆಹೊರೆಯವರು, ತಂಗಿ ತಮ್ಮಂದಿರು, ಓದು ಬಾರದ ಹಿರಿಯರು ಬಂದೇ ಬರುತ್ತಾರೆ. ಅವರ ಆಧಾರ್ ಸಂಖ್ಯೆ, ಪಾಸ್‌ವರ್ಡ್, ಓಟಿಪಿ ನಿಮ್ಮ ಕೈಯಲ್ಲಿರುವ ಅಮಾನತು. ಕೆಲಸ ಮುಗಿದ ಮೇಲೆ ಲಾಗೌಟ್ ಮಾಡಿ, ಡೌನ್‌ಲೋಡ್ ಆದ ದಾಖಲೆ ಅಳಿಸಿ, ಸ್ವೀಕೃತಿ ಪತ್ರ ಅವರ ಕೈಗೆ ಕೊಡಿ. ಅರ್ಜಿಯನ್ನು ಕೊನೆಯ ದಿನದವರೆಗೆ ತಳ್ಳದೆ ಒಂದು ವಾರ ಮೊದಲೇ ಕುಳಿತರೆ, ಇಲ್ಲಿ ಹೇಳಿದ ಪರೀಕ್ಷೆಗಳನ್ನೆಲ್ಲ ನಿಧಾನವಾಗಿ ಮಾಡಲು ಸಮಯ ಸಿಗುತ್ತದೆ.