ಬೇಸಿಗೆಯಲ್ಲಿ ನಿದ್ದೆ ಮಾಡುವ ಗಿಡ

ನಿಮ್ಮ ಬಾಲ್ಕನಿಯಲ್ಲಿ ಯಾವ್ಯಾವ ಗಿಡ ಇವೆ, ಒಮ್ಮೆ ನೆನಪು ಮಾಡಿಕೊಳ್ಳಿ. ಸಾಲ್ಮಿಯಾ ಆಗಲಿ, ಮಂಗಾಫ್ ಆಗಲಿ, ನಮ್ಮವರ ಮನೆಗಳಲ್ಲಿ ತುಳಸಿ, ಕರಿಬೇವು, ಪುದೀನ ಸಾಮಾನ್ಯ. ಜುಲೈ ಬಂತೆಂದರೆ ಅಮ್ಮ ಅವಕ್ಕೆ ಎರಡು ಹೊತ್ತು ನೀರು ಹಾಕಿ, ಹಳೇ ಸೀರೆ ಕಟ್ಟಿ ನೆರಳು ಮಾಡುತ್ತಾರೆ. ಅಮ್ಮನ ಗಿಡ ಮುಟ್ಟಿ ಎಂದು ನಾನು ಖಂಡಿತ ಹೇಳುವುದಿಲ್ಲ! ಆದರೆ ನಿಮ್ಮದೇ ಒಂದು ಕುಂಡ ಇಡುವುದಾದರೆ, ನೀವು ಹುಟ್ಟಿ ಬೆಳೆದ ಈ ನೆಲದ್ದೇ ಗಿಡ ಆರಿಸಿಕೊಳ್ಳಿ.

ಕುವೈತಿನಲ್ಲಿ ನದಿ ಇಲ್ಲ. ವರ್ಷದ ಮಳೆ ಸುಮಾರು 110 ಮಿಲಿಮೀಟರ್. ನಮ್ಮ ಆಗುಂಬೆಯಲ್ಲಿ ಒಂದೇ ದಿನ ಅಷ್ಟು ಸುರಿಯುವುದುಂಟು. ಇಲ್ಲಿನ ನಲ್ಲಿ ನೀರು ತೈಲ, ಗ್ಯಾಸ್ ಉರಿಸಿ ಉಪ್ಪು ತೆಗೆದ ಸಮುದ್ರದ ನೀರು. ಬಿಸಿಲಂತೂ ಕೇಳಬೇಡಿ: 2016ರ ಜುಲೈ 21ರಂದು ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾಗಿತ್ತು.

ಈ ಬಿಸಿಲಿಗೆ ಇಲ್ಲಿನ ಗಿಡಗಳು ಕಂಡುಕೊಂಡ ಉಪಾಯವೇ ನಿದ್ದೆ. ಅರ್ಫಜ್ ನೋಡಿ, ಕುವೈತಿನ ರಾಷ್ಟ್ರೀಯ ಹೂವು. ಸೇವಂತಿಗೆಯ ಕುಟುಂಬದ್ದು, ಮೊಣಕಾಲೆತ್ತರದ ಪೊದೆ, ವಸಂತದಲ್ಲಿ ಪುಟ್ಟ ಹಳದಿ ಹೂ ಬಿಡುತ್ತದೆ. ಬೇಸಿಗೆಯಲ್ಲಿ ಎಲೆ ಉದುರಿಸಿ ಒಣಕಡ್ಡಿ ಆಗಿಬಿಡುತ್ತದೆ. ಸತ್ತಿತು ಅಂತ ಎಸೆಯಬೇಡಿ. ಪಾಪ ಅನ್ನಿಸಿ ದಿನಾ ನೀರು ಸುರಿಯಲೂ ಬೇಡಿ, ಬೇರು ಕೊಳೆಯುತ್ತದೆ. ಮಳೆಗಾಲ ಬಂದಾಗ ಅದೇ ಕಡ್ಡಿ ಚಿಗುರುತ್ತದೆ. ಆಳವಾದ ಮಣ್ಣಿನ ಕುಂಡ, ತಳದಲ್ಲಿ ತೂತು, ಮುಕ್ಕಾಲು ಪಾಲು ಮರಳು, ನೇರ ಬಿಸಿಲು ಇದ್ದರೆ ಸಾಕು. ತೆಂಗಿನ ನಾರಿನ ಪುಡಿ ಬೇಡ, ಅದು ನೀರು ಹಿಡಿದಿಡುತ್ತದೆ.

ಅಂಗಳ ಇರುವ ಅದೃಷ್ಟವಂತರಿಗೆ ಸಿದ್ರ್ ಮರ. ಕುವೈತಿಗರು ಅದರ ಹಣ್ಣನ್ನು ಕನಾರ್ ಅನ್ನುತ್ತಾರೆ. ತಿಂದು ನೋಡಿ, ಅಜ್ಜಿ ಸಂಕ್ರಾಂತಿಯಲ್ಲಿ ಮಕ್ಕಳ ತಲೆ ಮೇಲೆ ಸುರಿಯುವ ಎಲಚಿಹಣ್ಣು ನೆನಪಾಗುತ್ತದೆ. ಆಗಲೇಬೇಕು, ಎರಡೂ ಒಂದೇ ವಂಶದ ಮರಗಳು. ನೆರಳು, ಹಣ್ಣು, ಜೇನಿಗೆ ಹೂ, ಎಲ್ಲವೂ ಇದರಲ್ಲಿವೆ.

ರಸ್ತೆ ಬದಿಯಲ್ಲಿ ಹಸಿರು ಗೋಡೆಯಂತೆ ನಿಂತಿರುವ ಕೊನೊಕಾರ್ಪಸ್ ಬೇಗ ಬೆಳೆಯುತ್ತದೆ ನಿಜ. ಆದರೆ ನೀರು ಹುಡುಕುತ್ತಾ ಬೇರು ಪೈಪಿನೊಳಗೇ ನುಗ್ಗುತ್ತದೆ. ಮನೆ ಹತ್ತಿರ ಬೇಡವೇ ಬೇಡ.

ಒಂದು ಎಚ್ಚರಿಕೆ. ಚಳಿಗಾಲದಲ್ಲಿ ಮರುಭೂಮಿಗೆ ಕ್ಯಾಂಪಿಂಗ್ ಹೋದಾಗ ಅರ್ಫಜ್ ಕಂಡರೆ ಕಿತ್ತು ತರಬೇಡಿ. ಮೇಯುವ ಕುರಿ ಒಂಟೆಗಳು, ಕ್ಯಾಂಪುಗಳು, ಜೀಪುಗಳ ಚಕ್ರ, ಇವುಗಳ ನಡುವೆ ಅದು ಈಗಾಗಲೇ ಬಹಳ ಕಡಿಮೆಯಾಗಿದೆ. ಕಾಡುಗಿಡ ಕೀಳುವುದು 2014ರ ಪರಿಸರ ಕಾಯ್ದೆಯ ಪ್ರಕಾರ ಅಪರಾಧ ಕೂಡ. ಅಲ್‌ರೈ ಕಡೆಯ ನರ್ಸರಿಗಳಲ್ಲಿ ಅರಬ್ಬಿ ಹೆಸರು ಹೇಳಿಯೇ ಕೇಳಿ. ಸಿದ್ರ್ ಸುಲಭ, ಅರ್ಫಜ್‌ಗೆ ನಾಲ್ಕು ಅಂಗಡಿ ಅಲೆಯಬೇಕಾದೀತು. ಅಕ್ಟೋಬರ್ ಕೊನೆಗೆ ನೆಟ್ಟರೆ, ಮುಂದಿನ ಬೇಸಿಗೆಯ ಹೊತ್ತಿಗೆ ಬೇರು ಕೆಳಗಿಳಿದಿರುತ್ತದೆ.